ಮತ್ತ ಮೊದಲಿನಿಂದ ಹೇಳಬೇಕೇನ್ರೀ?

ಉತ್ತರ ಕರ್ನಾಟಕದ ಜಿಲ್ಲಾ ಆಸ್ಪತ್ರೆಯೊಂದರ ಐಸಿಟಿಸಿ ಕೇಂದ್ರದಲ್ಲಿ, ಎಂದರೆ ಎಚ್‌ಐವಿ ಪರೀಕ್ಷೆಗೆ ಮೊದಲು ಮತ್ತು ನಂತರ ಜನರೊಡನೆ ಕುಳಿತು ಮಾತನಾಡುವ ಒಂದು ಸಣ್ಣ ಕೊಠಡಿಯಲ್ಲಿ, ನಾನು ಹನ್ನೊಂದು ವರ್ಷ ಆಪ್ತಸಮಾಲೋಚಕಿಯಾಗಿದ್ದೆ. ಒಂದು ಮಧ್ಯಾಹ್ನ ಮಹಿಳಾ ಪೇದೆಯೊಬ್ಬರು ಹತ್ತೊಂಬತ್ತರ ಆಸುಪಾಸಿನ ಹುಡುಗಿಯೊಬ್ಬಳನ್ನು ಕರೆತಂದು, ಪತ್ರವೊಂದನ್ನು ನನ್ನ ಮೇಜಿನ ಮೇಲಿಟ್ಟು, ‘ರೈಡ್ ಕೇಸ್ ಐತ್ರೀ ಮೇಡಂ, ಲಗೂನ ಮುಗಿಸಿಕೊಡ್ರಿ’ ಎಂದರು. ಪೇದೆಯನ್ನು ಹೊರಗೆ ಕೂರಿಸಿ, ಹುಡುಗಿಗೆ ನೀರು ಕೊಟ್ಟು, ನಮೂನೆಯಲ್ಲಿದ್ದ ಮೊದಲ ಪ್ರಶ್ನೆಯನ್ನು ನಾನು ಕೇಳುವ ಮೊದಲೇ ಅವಳು ನನ್ನನ್ನು ಕೇಳಿದಳು: ‘ಅಕ್ಕಾರ, ಮತ್ತ ಮೊದಲಿನಿಂದ ಹೇಳಬೇಕೇನ್ರೀ?’

ಅವಳು ಬೆರಳು ಮಡಚಿ ಎಣಿಸಿ ತೋರಿಸಿದಳು. ಅವಳಿದ್ದ ವೇಶ್ಯಾಗೃಹದ ಮೇಲೆ ದಾಳಿ ಮಾಡಿದ ಅಧಿಕಾರಿಗೆ ಒಮ್ಮೆ, ಠಾಣೆಯ ರೈಟರಿಗೆ ಒಮ್ಮೆ, ರಾತ್ರಿಪಾಳಿಯ ವೈದ್ಯರಿಗೆ ಒಮ್ಮೆ, ಮ್ಯಾಜಿಸ್ಟ್ರೇಟರ ಮುಂದೆ ಒಮ್ಮೆ, ಮಹಿಳಾ ನಿಲಯದ ಮೇಲ್ವಿಚಾರಕಿಗೆ ಒಮ್ಮೆ. ನಾನು ಆರನೆಯವಳು. ಇದೆಲ್ಲ ನಡೆದದ್ದು ಐದು ದಿನಗಳಲ್ಲಿ. ಈ ಐದು ದಿನಗಳಲ್ಲಿ ಅವಳ ಹೊಟ್ಟೆಯ ಕೆಳಭಾಗದ ನೋವಿಗೆ ಯಾರೂ ಒಂದು ಮಾತ್ರೆಯನ್ನು ಕೊಟ್ಟಿರಲಿಲ್ಲ, ಏಕೆಂದರೆ ಆಕೆಯ ನೋವನ್ನು ಕೇಳುವ ಕೆಲಸ ಆ ಐವರಲ್ಲಿ ಯಾರಿಗೂ ವಹಿಸಿದ್ದಾಗಿರಲಿಲ್ಲ.

ಆ ದಿನದ ನಂತರ ನನ್ನ ಕೆಲಸದ ರೀತಿ ಬದಲಾಯಿತು. ಲೈಂಗಿಕ ಶೋಷಣೆಗಾಗಿ ಸಾಗಿಸಲ್ಪಟ್ಟು ಹೊರಬಂದ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ನಾನು ಇಲ್ಲಿ ಬರೆಯುವುದು ಅವಳೊಬ್ಬಳ ಕಥೆಯಲ್ಲ. ಹಲವರ ಸಂಗತಿಗಳನ್ನು ಬೆರೆಸಿ, ಯಾರ ಗುರುತೂ ಸಿಗದಂತೆ ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಈ ಸಾಗಣೆಯ ದಾರಿ ಹಳೆಯದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಬಾಲಕಿಯರು ಸಾಂಗ್ಲಿ, ಪುಣೆ, ಮುಂಬಯಿಗಳಲ್ಲಿ ವೇಶ್ಯಾಗೃಹ ನಡೆಸುವ ‘ಘರವಾಲಿ’ಯರ ಕೈ ಸೇರುತ್ತಿದ್ದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ತಂದಿತು. ಎಲ್ಲಮ್ಮನ ಗುಡ್ಡದ ಮೇಲೆ ಎಲ್ಲರ ಕಣ್ಣೆದುರು ನಡೆಯುತ್ತಿದ್ದ ಮುತ್ತು ಕಟ್ಟುವಿಕೆ ಆ ಮೇಲೆ ಮರೆಗೆ ಸರಿಯಿತು, ಆದರೆ ಬರಗಾಲವೂ ಸಾಲವೂ ದಲ್ಲಾಳಿಯೂ ಅಲ್ಲೇ ಉಳಿದರು. ಈಗ ಕೆಲಸದ ಆಮಿಷ, ಮದುವೆಯ ನಾಟಕ, ಮೊಬೈಲಿನಲ್ಲಿ ಬೆಳೆದ ಪ್ರೀತಿ ಆ ಕೆಲಸವನ್ನು ಮಾಡುತ್ತಿವೆ. ಬೆಂಗಳೂರಿನ ಬಾಡಿಗೆ ಫ್ಲ್ಯಾಟುಗಳಲ್ಲಿ ಪತ್ತೆಯಾಗುವವರಲ್ಲಿ ಬಂಗಾಳ, ಬಾಂಗ್ಲಾದೇಶಗಳಿಂದ ಬಂದವರೂ ಇರುತ್ತಾರೆ, ಮತ್ತು ಅವರಿಗೆ ನಮ್ಮ ಆಸ್ಪತ್ರೆಯ ಫಲಕವನ್ನು ಓದಲೂ ಬರುವುದಿಲ್ಲ.

ಹೊರಬಂದ ತಕ್ಷಣ ಅವರಿಗೆ ನಡೆಯುವ ವೈದ್ಯಕೀಯ ತಪಾಸಣೆ ಬಹುಪಾಲು ಅವರಿಗಾಗಿ ನಡೆಯುವುದೇ ಅಲ್ಲ ಎಂಬುದನ್ನು ಮೊದಲು ಹೇಳಬೇಕು. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದವರ ವಯಸ್ಸು, ಲೈಂಗಿಕ ದೌರ್ಜನ್ಯದ ಗಾಯ ಮತ್ತು ಲೈಂಗಿಕ ರೋಗಗಳ ಪತ್ತೆಗಾಗಿ ತಪಾಸಣೆ ಆಗಬೇಕೆನ್ನುತ್ತದೆ. ಹೀಗಾಗಿ ಶಾಲೆಯ ದಾಖಲೆಯೂ ಜನನ ಪತ್ರವೂ ಸಿಗದ ಹುಡುಗಿಯ ಮಣಿಕಟ್ಟು, ಮೊಣಕೈಗಳ ಎಕ್ಸ್‌ರೇ ತೆಗೆದು, ಎರಡು ವರ್ಷ ಆಚೀಚೆ ಆಗಬಹುದಾದ ಒಂದು ಅಂದಾಜನ್ನು ಬರೆದುಕೊಳ್ಳುತ್ತೇವೆ, ಆದರೆ ಅದೇ ಹುಡುಗಿಯ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಲು ನಮಗೆ ನೆನಪಾಗುವುದಿಲ್ಲ. ನಾನು ಕಂಡವರಲ್ಲಿ ರಕ್ತಹೀನತೆ ಇಲ್ಲದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು.

ಒಳತಪಾಸಣೆಯ ವಿಷಯದಲ್ಲಿ ನಿಯಮಗಳು ನಿಚ್ಚಳವಾಗಿವೆ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ತಪಾಸಣೆಯಲ್ಲಿ ಎರಡು ಬೆರಳಿನ ಪರೀಕ್ಷೆಯನ್ನು ಮಾಡಕೂಡದೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳಿತು, ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಆದರೂ ತಪಾಸಣೆಯ ಮಂಚದ ಮೇಲೆ ಒಬ್ಬಳನ್ನು ಮಲಗಿಸುವಾಗ ‘ಈಗ ಇಲ್ಲಿ ಮುಟ್ಟುತ್ತೇನೆ, ಬೇಡವೆನಿಸಿದರೆ ಹೇಳು, ನಿಲ್ಲಿಸುತ್ತೇನೆ’ ಎಂದು ಹೇಳಿದ ವೈದ್ಯರು ನನಗೆ ಸಿಕ್ಕಿದ್ದು ವಿರಳ. ಹಾಗೆ ಹೇಳಿದ ಒಬ್ಬ ವೈದ್ಯೆಯ ಕೊಠಡಿಯಿಂದ ಹೊರಬಂದ ಹೆಂಗಸು ಬಹಳ ಹೊತ್ತು ಬೆಂಚಿನ ಮೇಲೆ ಕುಳಿತಿದ್ದಳು. ಬೇಡವೆಂದು ಹೇಳುವ ಅವಕಾಶ ಅವಳಿಗೆ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿ ಸಿಕ್ಕಿತ್ತು. ಅವಳು ಅಂದು ಬೇಡವೆಂದೇ ಹೇಳಿದ್ದಳು, ವೈದ್ಯೆ ನಿಲ್ಲಿಸಿದ್ದರು, ಮರುವಾರ ತಾನಾಗಿಯೇ ಬಂದು ತಪಾಸಣೆ ಮಾಡಿಸಿಕೊಂಡಳು.

ಕಾಲದ ಲೆಕ್ಕ ಇಲ್ಲಿ ಬಹಳ ಮುಖ್ಯ. ಬಲಾತ್ಕಾರವಾಗಿ 72 ಗಂಟೆಯೊಳಗೆ ಆಸ್ಪತ್ರೆಗೆ ಬಂದರೆ ಎಚ್‌ಐವಿ ಸೋಂಕು ತಗುಲದಂತೆ ತಡೆಯುವ ಔಷಧವನ್ನು ಆರಂಭಿಸಿ 28 ದಿನ ಕೊಡಬಹುದು, ಬೇಡದ ಗರ್ಭ ನಿಲ್ಲದಂತೆ ಮಾತ್ರೆ ಕೊಡಬಹುದು. ಎರಡು ವರ್ಷದಿಂದ ವೇಶ್ಯಾಗೃಹದಲ್ಲಿದ್ದವಳಿಗೆ ಇದರಿಂದ ಏನು ಪ್ರಯೋಜನ ಎಂದು ಕಿರಿಯ ವೈದ್ಯರೊಬ್ಬರು ನನ್ನನ್ನು ಪ್ರಾಮಾಣಿಕವಾಗಿಯೇ ಕೇಳಿದ್ದರು. ಅವಳ ಎಚ್‌ಐವಿ ಫಲಿತಾಂಶ ನೆಗೆಟಿವ್ ಬಂದಿತ್ತು, ಕೊನೆಯ ಬಲಾತ್ಕಾರ ದಾಳಿಯ ಹಿಂದಿನ ರಾತ್ರಿಯದು, ಗಂಟೆಗಳನ್ನು ಅಲ್ಲಿಂದ ಎಣಿಸಬೇಕಿತ್ತು. ಠಾಣೆಯಲ್ಲಿ ಹೇಳಿಕೆ ಬರೆಸುವುದರಲ್ಲಿ ಆ ಗಂಟೆಗಳು ಕಳೆದುಹೋಗಿದ್ದವು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿಯೇ ಇರಲಿ ಖಾಸಗಿಯೇ ಇರಲಿ ಯಾವುದೇ ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಲೈಂಗಿಕ ಕಾರ್ಯಕರ್ತೆಯರ ಮೇಲೆ ಅತ್ಯಾಚಾರವಾದಾಗಲೂ ಈ ಹಕ್ಕು ಅವರಿಗಿದೆ ಎಂದು ಬಿಡಿಸಿ ಹೇಳಿತು. ಹಾಗೆ ಬಿಡಿಸಿ ಹೇಳಬೇಕಾಯಿತು ಎಂಬುದೇ ನನಗೆ ನೋವಿನ ಸಂಗತಿ.

ದೇಹದ ಉಳಿದ ತೊಂದರೆಗಳು ಒಂದೇ ದಿನದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾದಂಥ ಸೋಂಕುಗಳು ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಒಳಗೆ ಇರುತ್ತವೆ. ಬಿಳಿ ಹೋಗುತ್ತದೆ, ಸೊಂಟ ಸೆಳೆಯುತ್ತದೆ ಎಂದು ಹೇಳಿಕೊಳ್ಳುವ ಹೊತ್ತಿಗೆ ಗರ್ಭನಾಳಗಳಿಗೆ ಹಾನಿಯಾಗಿರುತ್ತದೆ, ಮುಂದೆಂದೋ ಮದುವೆಯಾಗಿ ಮಗು ಬೇಕೆಂದಾಗ ಅದು ಬಂಜೆತನವಾಗಿ ಎದುರಾಗುತ್ತದೆ. ಇಕ್ಕಟ್ಟಿನ, ಗಾಳಿಯಾಡದ ಕೋಣೆಗಳಲ್ಲಿ ಬದುಕಿದವರಲ್ಲಿ ಕ್ಷಯವನ್ನು ಹುಡುಕಲೇಬೇಕು. ಹಲ್ಲುಗಳನ್ನು ನೋಡಬೇಕು, ಹೊಡೆತದಿಂದ ಮುರಿದ ಹಲ್ಲು, ಗುಟ್ಕಾದಿಂದ ಸುಟ್ಟ ಒಸಡು ಇವರಲ್ಲಿ ಸಾಮಾನ್ಯ. ಮುಂದೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯದಿರುವುದು ಒಬ್ಬ ಹುಡುಗಿಗೆ ಎಷ್ಟು ಮುಖ್ಯ ಎಂಬುದನ್ನು ದಂತವೈದ್ಯರಿಗೆ ನಾನು ಪ್ರತಿಸಲ ವಿವರಿಸಬೇಕಾಗುತ್ತಿತ್ತು. ಎಚ್‌ಪಿವಿ ವೈರಾಣುವಿನಿಂದ ಬರುವ ಗರ್ಭಕಂಠದ ಕ್ಯಾನ್ಸರು ವರ್ಷಗಳ ನಂತರ ಕಾಣಿಸಿಕೊಳ್ಳುವಂಥದ್ದು. ಆ ತಪಾಸಣೆಗೆ ಅವಳನ್ನು ಯಾರು ನೆನಪಿಟ್ಟು ಕರೆಯಬೇಕು?

ಎಚ್‌ಐವಿ ಬಗ್ಗೆ ಒಂದು ಅಧ್ಯಯನವನ್ನು ನಾನು ಮರೆಯಲಾರೆ. ಭಾರತದ ವೇಶ್ಯಾಗೃಹಗಳಿಗೆ ಸಾಗಿಸಲ್ಪಟ್ಟು ನೇಪಾಳಕ್ಕೆ ಮರಳಿದ 287 ಹುಡುಗಿಯರು ಮತ್ತು ಮಹಿಳೆಯರ ದಾಖಲೆಗಳನ್ನು ನೋಡಿ 2007ರಲ್ಲಿ ಪ್ರಕಟವಾದ ಅಧ್ಯಯನವದು. ಅವರಲ್ಲಿ ಶೇಕಡ 38ರಷ್ಟು ಮಂದಿಗೆ ಎಚ್‌ಐವಿ ಇತ್ತು. ಹದಿನೈದು ತುಂಬುವ ಮೊದಲೇ ಸಾಗಿಸಲ್ಪಟ್ಟವರಲ್ಲಿ ಆ ಪ್ರಮಾಣ ಶೇಕಡ 60ನ್ನು ದಾಟಿತ್ತು. ಎಳೆಯ ದೇಹದ ಒಳಪದರ ಬೇಗ ಹರಿಯುತ್ತದೆ, ಎಳೆಯ ಹುಡುಗಿಗೆ ಕಾಂಡೋಮ್ ಬೇಕೆಂದು ಹೇಳುವ ಶಕ್ತಿಯಿರುವುದಿಲ್ಲ. ಅಂದಿಗೂ ಇಂದಿಗೂ ಚಿಕಿತ್ಸೆಯಲ್ಲಿ ಬಹಳ ವ್ಯತ್ಯಾಸವಿದೆ. ಈಗ ಎಚ್‌ಐವಿ ಔಷಧ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಬಹುತೇಕ ಮಂದಿಗೆ ದಿನಕ್ಕೊಂದು ಮಾತ್ರೆ ಉಚಿತವಾಗಿ ಸಿಗುತ್ತದೆ, ತಪ್ಪದೆ ತೆಗೆದುಕೊಂಡರೆ ಇತರರಂತೆಯೇ ಬಾಳಬಹುದು. ಆದರೆ ತಪ್ಪದೆ ತೆಗೆದುಕೊಳ್ಳಲು ಇರಲೊಂದು ನೆಲೆ ಬೇಕು, ಮಾತ್ರೆಯ ಡಬ್ಬಿಯನ್ನು ಬಚ್ಚಿಡದೆ ಇಟ್ಟುಕೊಳ್ಳುವ ಜಾಗ ಬೇಕು. 2017ರ ಎಚ್‌ಐವಿ ಕಾಯ್ದೆಯು ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ನಾನು ಕಂಡ ಆಶ್ರಯಗೃಹವೊಂದರಲ್ಲಿ ಫಲಿತಾಂಶ ಬಂದ ಮರುದಿನವೇ ಆ ಹುಡುಗಿಯ ತಟ್ಟೆ ಲೋಟಗಳು ಬೇರೆಯಾಗಿದ್ದವು. ಆಮೇಲೆ ಅವಳು ಮಾತ್ರೆಯನ್ನೂ ಬಿಟ್ಟಳು, ಊಟವನ್ನೂ ಬಿಟ್ಟಳು, ಮೂರನೆಯ ವಾರ ಗೋಡೆ ಹಾರಿ ಹೋದಳು. ದಾಖಲೆಯಲ್ಲಿ ‘ಓಡಿಹೋಗಿರುತ್ತಾಳೆ’ ಎಂದು ಬರೆದರು.

ದೇಹಕ್ಕಿಂತ ಮನಸ್ಸಿಗೆ ಹೆಚ್ಚು ಕಾಲ ಬೇಕು ಎನ್ನುವುದು ಬರಿಯ ಮಾತಲ್ಲ. ಯುರೋಪಿನಲ್ಲಿ ಸಾಗಣೆಯಿಂದ ಹೊರಬಂದ 207 ಮಹಿಳೆಯರನ್ನು ಕುರಿತು ಲಂಡನ್ನಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆನೋವು, ಸುಸ್ತು, ಬೆನ್ನುನೋವುಗಳಂಥ ದೈಹಿಕ ತೊಂದರೆಗಳು ಆರೈಕೆ ಸಿಕ್ಕ ಕೆಲವು ವಾರಗಳಲ್ಲೇ ಬಹಳಷ್ಟು ಇಳಿದರೂ ಖಿನ್ನತೆ, ಆತಂಕಗಳು ತಿಂಗಳುಗಟ್ಟಲೆ ಹಾಗೆಯೇ ಉಳಿದಿದ್ದವು. ನೆನಪಿನ ತೊಡಕುಗಳೂ ಅವರಲ್ಲಿ ಸಾಮಾನ್ಯವಾಗಿದ್ದವು. ಹೇಳಿಕೆ ಕೊಡುವ ನಿರ್ಧಾರಕ್ಕೆ ಮೊದಲು ಅವರಿಗೆ ಕನಿಷ್ಠ ತೊಂಬತ್ತು ದಿನಗಳ ಬಿಡುವು ಬೇಕೆಂದು ಆ ಸಂಶೋಧಕರು ಕೇಳಿದ್ದು ಅದಕ್ಕಾಗಿಯೇ. ನಮ್ಮಲ್ಲಿ ಮೊದಲ ವಾರದಲ್ಲೇ ಹೇಳಿಕೆಯಾಗಬೇಕು. ಯಾವ ಊರಿನಿಂದ ಯಾವ ಬಸ್ಸು ಹತ್ತಿದೆ, ಎಷ್ಟನೆಯ ದಿನ ಯಾರು ಬಂದರು ಎಂಬುದನ್ನು ನಿದ್ದೆಯಿಲ್ಲದ ಹುಡುಗಿ ಒಂದೊಂದು ಮೇಜಿನ ಮುಂದೆ ಒಂದೊಂದು ರೀತಿ ಹೇಳಿರುತ್ತಾಳೆ. ವರ್ಷಗಳ ನಂತರ ನ್ಯಾಯಾಲಯದಲ್ಲಿ ಆರೋಪಿಯ ಪರ ವಕೀಲರು ಆ ವ್ಯತ್ಯಾಸಗಳನ್ನೇ ಎತ್ತಿ ತೋರಿಸಿ ಅವಳನ್ನು ಸುಳ್ಳಿ ಎನ್ನುತ್ತಾರೆ. ಅವಳ ಗಾಯವೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ, ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ನನ್ನ ಕೆಲಸದಲ್ಲಿ ಕಂಡಿಲ್ಲ.

ಮಹಿಳಾ ನಿಲಯದ ರಾತ್ರಿಗಳ ಬಗ್ಗೆ ಅಲ್ಲಿನ ಕಾವಲಿನಾಕೆ ನನಗೆ ಹೇಳುತ್ತಿದ್ದರು. ದೀಪ ಆರಿಸಿದರೆ ಕಿರುಚುವವರು, ಮಂಚವಿದ್ದರೂ ಅದರ ಕೆಳಗೆ ಮಲಗುವವರು, ದಿನಕ್ಕೆ ಐದು ಸಲ ಸ್ನಾನ ಮಾಡುವವರು, ವಾರವಾದರೂ ನೀರು ಮುಟ್ಟದವರು. ‘ಮೈಯಾಗ ನಾ ಇರತಿದ್ದಿಲ್ರೀ, ಮ್ಯಾಲೆ ನಿಂತು ನೋಡತಿದ್ದೆ’ ಎಂದು ಒಬ್ಬಳು ಹೇಳಿದ್ದು ಯಾವ ಮನೋವೈದ್ಯಕೀಯ ಪುಸ್ತಕದ ವಿವರಣೆಗಿಂತಲೂ ಸ್ಪಷ್ಟವಾಗಿತ್ತು. ತಪಾಸಣೆಯ ಹೊತ್ತಿನಲ್ಲಿ ಹಾಗೆ ಮೈಬಿಟ್ಟು ಹೋದವಳನ್ನು ನಮ್ಮ ಕಾಗದಗಳು ‘ಸಹಕರಿಸುತ್ತಿಲ್ಲ’ ಎಂದು ಬರೆಯುತ್ತವೆ. ಇನ್ನು ಕುಡಿತ. ಗಿರಾಕಿಗಳೊಂದಿಗೆ ಕುಡಿಯಲೇಬೇಕೆಂಬ ಬಲವಂತದಿಂದ ಆರಂಭವಾಗಿ, ಆಮೇಲೆ ಕುಡಿಯದೆ ಆ ರಾತ್ರಿಗಳನ್ನು ಕಳೆಯಲಾಗದ ಸ್ಥಿತಿಗೆ ಬಂದವರು, ನಿಲಯಕ್ಕೆ ಬಂದ ಎರಡು ಮೂರು ದಿನಗಳಲ್ಲಿ ನಡುಗುತ್ತಾರೆ, ಬೆವರುತ್ತಾರೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಅದು ಪ್ರಾಣಕ್ಕೆ ಅಪಾಯವಾಗಬಲ್ಲ ವೈದ್ಯಕೀಯ ತುರ್ತು. ಅದನ್ನು ಹಟವೆಂದೂ ನಾಟಕವೆಂದೂ ತಿಳಿದು ಕೋಣೆಯ ಬಾಗಿಲು ಹಾಕಿದ್ದನ್ನು ನಾನು ಕಂಡಿದ್ದೇನೆ.

ಮನೋವೈದ್ಯರ ನೆರವು ಇಲ್ಲವೆಂದಲ್ಲ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ನಮ್ಮ ರಾಜ್ಯದಲ್ಲಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಕನ್ನಡದಲ್ಲಿಯೂ ಮಾತನಾಡಬಹುದಾದ 14416 ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿ ಇದೆ. ಕೊರತೆಯಿರುವುದು ಒಬ್ಬರೇ ವ್ಯಕ್ತಿ ಮುಂದುವರಿದು ನೋಡುವುದರಲ್ಲಿ. ಈ ವಾರ ಒಬ್ಬರು, ಮುಂದಿನ ತಿಂಗಳು ವರ್ಗವಾಗಿ ಬಂದ ಇನ್ನೊಬ್ಬರು, ಪ್ರತಿಯೊಬ್ಬರೂ ಹೊಸ ಹಾಳೆ ತೆಗೆದು ‘ಏನಾಗಿತ್ತು, ಹೇಳಮ್ಮ’ ಎನ್ನುತ್ತಾರೆ. ಆಘಾತಕ್ಕೊಳಗಾದವರ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಕಥೆ ಹೇಳಿಸುವುದಲ್ಲ. ಇಲ್ಲಿ ನೀನು ಸುರಕ್ಷಿತಳು ಎಂದು ಅವಳ ದೇಹಕ್ಕೆ ನಂಬಿಕೆ ಬರಿಸುವುದು ಮೊದಲು. ಅವಳಿಗೆ ಬೇಕಾದ ಹೊತ್ತಿಗೆ ದೀಪ ಆರಿಸುವ ಸ್ವಿಚ್ಚು, ಒಳಗಿನಿಂದ ಹಾಕಿಕೊಳ್ಳಬಹುದಾದ ಬಚ್ಚಲಿನ ಚಿಲಕ, ರೊಟ್ಟಿಯೋ ಅನ್ನವೋ ಎಂದು ಕೇಳುವ ಒಬ್ಬ ಅಡುಗೆಯಾಕೆ, ಇವು ಮಾತ್ರೆಯಷ್ಟೇ ಚಿಕಿತ್ಸೆ ಎಂದು ನಾನು ನಂಬಿದ್ದೇನೆ.

ಇಲ್ಲಿಯೇ ನಮ್ಮ ಆಶ್ರಯಗೃಹಗಳ ಪ್ರಶ್ನೆ ಬರುತ್ತದೆ. 1956ರ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಒಬ್ಬಳನ್ನು ಒಂದರಿಂದ ಮೂರು ವರ್ಷಗಳವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ಬಂದೀಖಾನೆಯಿಂದ ಬಿಡಿಸಿ ತಂದವಳನ್ನು ಮತ್ತೆ ಬೀಗದೊಳಗೆ ಇಟ್ಟರೆ, ಬೀಗ ಹಾಕಿದವರ ಉದ್ದೇಶ ಒಳ್ಳೆಯದೆಂದು ಅವಳ ಮನಸ್ಸಿಗೆ ಹೇಗೆ ತಿಳಿಯಬೇಕು? ಪ್ರಾಪ್ತ ವಯಸ್ಸಿನ ಮಹಿಳೆಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಇರಿಸಿಕೊಂಡಿರುವ ಪ್ರಕರಣಗಳನ್ನು ಪರಿಶೀಲಿಸಿ, ಕಾಲಮಿತಿಯೊಳಗೆ ಬಿಡುಗಡೆಗೆ ಕ್ರಮ ಕೈಗೊಳ್ಳಲು ಈ ಗೃಹಗಳ ಸಮೀಕ್ಷೆ ಮಾಡಿ ಎಂದು 2022ರ ಮೇ ತಿಂಗಳ ಅದೇ ಆದೇಶದಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಅಪ್ರಾಪ್ತೆಯರ ವಿಷಯ ಬೇರೆ, ಅವರು ಮಕ್ಕಳ ಕಲ್ಯಾಣ ಸಮಿತಿಯ ರಕ್ಷಣೆಯಲ್ಲಿ ಇರಲೇಬೇಕು. ಆದರೆ ಇಪ್ಪತ್ತೈದರ ಹೆಂಗಸಿಗೆ ಚಿಕಿತ್ಸೆಯನ್ನು ಅವಳ ಸ್ವಾತಂತ್ರ್ಯದ ಬೆಲೆಗೆ ಮಾರಬಾರದು. ಇಂಥ ಮಹಿಳೆಯರ ಪುನರ್ವಸತಿಗಾಗಿ ಇದ್ದ ಉಜ್ವಲ ಮತ್ತು ಸ್ವಾಧಾರ ಗೃಹ ಯೋಜನೆಗಳನ್ನು ಒಂದಾಗಿಸಿ ಶಕ್ತಿ ಸದನ ಎಂದು ಹೆಸರಿಟ್ಟಿದ್ದಾಗಿದೆ. ಫಲಕ ಬದಲಾದ ಮೇಲೆ ಗೇಟಿನ ಬೀಗವೂ ಬದಲಾಗಬೇಕು.

ಓಡಿಹೋದವರ ಬಗ್ಗೆ ಇನ್ನೊಂದು ಮಾತು. ‘ಅದೇ ಬದುಕು ರುಚಿಸಿದೆ’ ಎಂದು ಸುಲಭವಾಗಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನಗೆ ತಿಳಿದ ಒಬ್ಬಳು ಮರಳಿ ಹೋದದ್ದು ಅವಳ ಮೂರು ವರ್ಷದ ಮಗು ಘರವಾಲಿಯ ಬಳಿ ಉಳಿದಿತ್ತು ಎಂಬ ಕಾರಣಕ್ಕೆ. ದಾಳಿಯ ದಿನ ಮಗು ಪಕ್ಕದ ಮನೆಯಲ್ಲಿತ್ತು, ಅದರ ಬಗ್ಗೆ ಯಾರೂ ಕೇಳಲಿಲ್ಲ, ಅವಳಿಗೆ ಹೇಳಲು ಹೆದರಿಕೆ. ಇನ್ನೊಬ್ಬಳ ತಾಯಿಯ ಹೆಸರಿನಲ್ಲಿ ತೀರದ ಸಾಲವಿತ್ತು. ತಂದೆತಾಯಿಗಳ ವಶಕ್ಕೆ ಕೊಡುವ ಮೊದಲು ಅವರು ನಿಜಕ್ಕೂ ನೋಡಿಕೊಳ್ಳಬಲ್ಲರೇ ಎಂದು ವಿಚಾರಿಸಬೇಕೆಂಬ ಕಲಮು ಕಾಯ್ದೆಯಲ್ಲಿದೆ. ಮಾರಿದವರ ಕೈಗೇ ಮರಳಿಸಿದ ಉದಾಹರಣೆಗಳೂ ನಮ್ಮ ಕಡೆ ಇವೆ.

ಬೆಂಬಲವೆಂದರೆ ನಾವು ಇನ್ನೂ ಹೊಲಿಗೆ ಯಂತ್ರವನ್ನೇ ನೆನೆಯುತ್ತೇವೆ. ಹೊಲಿಗೆ ಬೇಕೆನ್ನುವವರಿಗೆ ಯಂತ್ರ ಕೊಡಲಿ, ಆದರೆ ಕೇಳಿ ಕೊಡಲಿ. ನಾನು ಕೇಳಿದಾಗ ಅವರು ಹೇಳಿದ್ದು ಬೇರೆ: ಆಧಾರ್ ಕಾರ್ಡು, ತನ್ನದೇ ಹೆಸರಿನ ಬ್ಯಾಂಕ್ ಖಾತೆ, ಮೊದಲ ಮೂರು ತಿಂಗಳ ಮನೆ ಬಾಡಿಗೆ. ಅಪರಾಧಕ್ಕೊಳಗಾದವರಿಗೆ ಪರಿಹಾರ ಕೊಡುವ ವ್ಯವಸ್ಥೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿದೆ, ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು, ಮಧ್ಯಂತರ ನೆರವನ್ನೂ ಕೇಳಬಹುದು. ಇದು ಅವರಲ್ಲಿ ಬಹುತೇಕರಿಗೆ ತಿಳಿದೇ ಇರಲಿಲ್ಲ, ಮೊದಲ ಕೆಲವು ವರ್ಷ ನನಗೂ ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆ ವರ್ಷಗಳಲ್ಲಿ ನನ್ನ ಕೊಠಡಿಯಿಂದ ಬರಿಗೈಲಿ ಹೋದವರು ಈಗಲೂ ನೆನಪಾಗುತ್ತಾರೆ.

ಈ ದಾರಿಯಲ್ಲಿ ಮೊದಲೇ ನಡೆದುಬಂದವರ ಜೊತೆ ಮುಖ್ಯ. ಮೈಸೂರಿನ ಒಡನಾಡಿಯಂಥ ಸಂಸ್ಥೆಗಳು ಹೊರಬಂದ ಹುಡುಗಿಯರಿಗೆ ಮನೆಯನ್ನೂ ಓದನ್ನೂ ಕೊಟ್ಟಿವೆ. ಅದೇ ಮೈಸೂರಿನ ಆಶೋದಯ ಸಮಿತಿ, ಸಾಂಗ್ಲಿಯ ವ್ಯಾಂಪ್ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಸಂಘಟನೆಗಳು. ಕೋಲ್ಕತ್ತದ ವೇಶ್ಯಾವಾಟಿಕೆಯಾದ ಸೋನಾಗಾಛಿಯಲ್ಲಿ ದರ್ಬಾರ್ ಎಂಬ ಇಂಥದೇ ಸಂಘಟನೆಯ ಮಂಡಳಿಗಳು ಹೊಸದಾಗಿ ಬಂದವಳು ಅಪ್ರಾಪ್ತೆಯೇ, ಬಲವಂತದಿಂದ ಬಂದವಳೇ ಎಂದು ತಾವೇ ವಿಚಾರಿಸುತ್ತವೆ. ಒಪ್ಪಿ ಮಾಡುವ ಪ್ರಾಪ್ತ ಮಹಿಳೆಯನ್ನೂ ಸಾಗಿಸಲ್ಪಟ್ಟವಳನ್ನೂ ಒಂದೇ ಎನ್ನಬಾರದು ಎಂಬುದು ಸರಿ. ಆದರೆ ಸಭೆಗಳಲ್ಲಿ ನಡೆಯುವ ಆ ಬಿರುಸಿನ ವಾದ ಆಸ್ಪತ್ರೆಯ ಬೆಂಚಿನ ಮೇಲೆ ಕರಗುವುದನ್ನು ನಾನು ಕಂಡಿದ್ದೇನೆ. ಇಪ್ಪತ್ತು ವರ್ಷ ಸಾಂಗ್ಲಿಯಲ್ಲಿದ್ದ ಹಿರಿಯಳೊಬ್ಬಳು, ಹೊಸದಾಗಿ ಬಂದ ಹುಡುಗಿಯ ಪಕ್ಕ ಕುಳಿತು ಏನನ್ನೂ ಕೇಳದೆ ಅವಳ ತಲೆ ಬಾಚುತ್ತಿದ್ದಳು. ನನ್ನ ತರಬೇತಿಯಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ಬೆರಳು ಮಡಚಿ ಎಣಿಸಿದ ಆ ಹುಡುಗಿಗೆ ನಾನು ಅಂದು ‘ಬ್ಯಾಡವ್ವಾ, ಹೇಳಬ್ಯಾಡ, ಎಲ್ಲೆಲ್ಲಿ ನೋವೈತಿ ಅಷ್ಟು ಹೇಳು’ ಎಂದೆ. ಮುಂದೆ ನಾನೂ ನಮ್ಮ ಲಸಿಕಾ ಕೊಠಡಿಯ ಸಿಸ್ಟರೂ ಸೇರಿ ಒಂದು ಮಡಿಚುವ ಕಾರ್ಡು ಮಾಡಿದೆವು. ಅದರಲ್ಲಿ ಅವಳು ಎಲ್ಲಿಂದ ಬಂದಳು, ಹೇಗೆ ಬಂದಳು ಎಂಬ ಒಂದು ಅಕ್ಷರವೂ ಇರಲಿಲ್ಲ, ಎಚ್‌ಐವಿ ಎಂಬ ಪದವೂ ಇರಲಿಲ್ಲ. ಯಾವ ಔಷಧ ಯಾವಾಗ ಕೊಟ್ಟದ್ದು, ಮೂರು ತಿಂಗಳಿಗೆ ಯಾವ ರಕ್ತಪರೀಕ್ಷೆ ಮತ್ತೆ ಆಗಬೇಕು, ಹೆಪಟೈಟಿಸ್ ಬಿ ಲಸಿಕೆಯ ಎರಡನೆಯ ಡೋಸು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ, ಇಷ್ಟೇ. ಕಾರ್ಡು ಕಚೇರಿಯ ಕಡತದಲ್ಲಿ ಇರದೆ ಅವಳ ಕೈಯಲ್ಲೇ ಇರಬೇಕೆಂದು ಹಟ ಹಿಡಿದೆವು. ಎರಡು ಡೋಸುಗಳಾದ ಮೇಲೆ ಅವಳನ್ನು ಬೇರೆ ಜಿಲ್ಲೆಗೆ ಕಳಿಸಿದರು.

ಹತ್ತು ತಿಂಗಳ ನಂತರ ಅವಳು ಯಾರದೋ ಫೋನಿನಿಂದ ಕರೆ ಮಾಡಿದಳು. ಆರು ತಿಂಗಳಿಗೆ ಆಗಬೇಕಿದ್ದ ಮೂರನೆಯ ಡೋಸಿಗೆ ತಾನೊಬ್ಬಳೇ ಆ ಊರಿನ ಆಸ್ಪತ್ರೆಗೆ ಹೋಗಿದ್ದಳಂತೆ. ತಡವಾಯಿತಲ್ಲ, ಮತ್ತೆ ಮೊದಲ ಇಂಜೆಕ್ಷನ್ನಿನಿಂದ ಶುರು ಮಾಡಬೇಕೇನೋ ಎಂಬ ಹೆದರಿಕೆ ಅವಳಿಗೆ. ಹಾಗೇನೂ ಬೇಕಾಗುವುದಿಲ್ಲ, ತಡವಾದರೂ ಆ ಲಸಿಕೆಯನ್ನು ನಿಂತಲ್ಲಿಂದಲೇ ಮುಂದುವರಿಸಬಹುದು. ಅಲ್ಲಿನ ಸಿಸ್ಟರ್ ಕಾರ್ಡು ನೋಡಿ, ಸೂಜಿ ಚುಚ್ಚಿ, ತಾರೀಖು ಬರೆದು ಮರಳಿಸಿದರಂತೆ.

‘ಏನೂ ಕೇಳಲಿಲ್ರೀ ಅಕ್ಕಾರ,’ ಎಂದಳು. ‘ಕೈ ನೋಯತೈತೇನವ್ವಾ ಅಂತ ಅಷ್ಟ ಕೇಳಿದ್ರು.’